ಅಪ್ಪನ ಲೇಬರ್ ಕಾರ್ಡು, ಅಮ್ಮನ ಸಂಘದ ಪಾಸ್‌ಬುಕ್ಕು

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಾಲಾ ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಪಟ್ಟಿಯಲ್ಲಿ ಮಧುಗಿರಿ ಎಷ್ಟನೇ ಸ್ಥಾನಕ್ಕೆ ಬಂತು, ಎಷ್ಟು ಮೇಲೇರಿತು ಎಂಬ ಮಾತು ಟೀ ಅಂಗಡಿಯಲ್ಲೂ ನಡೆಯುತ್ತದೆ. ಆ ಮಕ್ಕಳೇ ಎರಡು ವರ್ಷ ಕಳೆದು ಪಿಯುಸಿ ಮುಗಿಸಿ ನಿಂತಾಗ ಮುಂದಿನ ಓದಿಗೆ ದುಡ್ಡು ಎಲ್ಲಿಂದ ಎಂಬುದು ಮಾತ್ರ ಆಯಾ ಮನೆಯ ಚಿಂತೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ಈ ನಾಲ್ಕರಲ್ಲಿ ಮೂರು, ಅಂದರೆ ಮಧುಗಿರಿ, ಶಿರಾ, ಪಾವಗಡ, ಆ ಪಟ್ಟಿಯಲ್ಲಿದ್ದವು. ಮಳೆ ನಂಬಿ ಕಡಲೆಕಾಯಿ ಬಿತ್ತುವ ಮನೆಗಳಲ್ಲಿ ಮಗಳ ಬಿ.ಎಸ್ಸಿ ಸೇರ್ಪಡೆಯೂ ಮುಂಗಾರಿನ ಬಿತ್ತನೆಯೂ ಒಂದೇ ತಿಂಗಳಿಗೆ ಬರುತ್ತವೆ.

ವಿದ್ಯಾರ್ಥಿವೇತನ ಎಂದ ಕೂಡಲೇ ಎಲ್ಲರೂ ಮೊಬೈಲ್ ಹಿಡಿಯುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ದೊಡ್ಡ ಕಂಪನಿಯ ಹೆಸರಿನ ಲಿಂಕ್ ಒತ್ತುತ್ತಾರೆ, ಅಂಕ ಸಾಲದೆಂದೋ ಕೊನೆಯ ದಿನ ಮುಗಿದಿದೆಯೆಂದೋ ಗೊತ್ತಾಗಿ ಸುಮ್ಮನಾಗುತ್ತಾರೆ. ಈ ಭಾಗದ ಮಟ್ಟಿಗೆ ಹುಡುಕಾಟ ಶುರುವಾಗಬೇಕಾದದ್ದು ಮೊಬೈಲ್‌ನಿಂದಲ್ಲ, ಮನೆಯ ಕಾಗದಪತ್ರಗಳಿಂದ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಪ್ಪನ ಲೇಬರ್ ಕಾರ್ಡು, ಪಹಣಿ, ಅಮ್ಮನ ಸಂಘದ ಪಾಸ್‌ಬುಕ್ಕು, ಅಪ್ಪನದೋ ಅಮ್ಮನದೋ ಫ್ಯಾಕ್ಟರಿಯ ಸಂಬಳದ ಚೀಟಿ, ಅಪ್ಪ ಸೇನೆಯಲ್ಲಿದ್ದರೆ ಪಿಂಚಣಿ ಪುಸ್ತಕ, ಇವನ್ನೆಲ್ಲ ಒಂದು ಸಂಜೆ ಚಾಪೆಯ ಮೇಲೆ ಹರಡಿಕೊಂಡರೆ ಆ ಮನೆಯ ಮಗುವಿಗೆ ಯಾವ ಯಾವ ಬಾಗಿಲು ತೆರೆದಿದೆ ಎಂಬುದು ಮುಕ್ಕಾಲು ಪಾಲು ತಿಳಿದುಬಿಡುತ್ತದೆ.

ಅದಕ್ಕೂ ಮೊದಲು ಖರ್ಚಿನ ಲೆಕ್ಕ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿದೆ, ಅಲ್ಲಿನ ಶುಲ್ಕ ಭಾರವಲ್ಲ. ಭಾರವಾಗುವುದು ತುಮಕೂರಿಗೋ ಬೆಂಗಳೂರಿಗೋ ಹೋದಾಗಿನ ರೂಮು ಬಾಡಿಗೆ ಮತ್ತು ಊಟ. ಹಾಗಾಗಿ ಬಡ ವಿದ್ಯಾರ್ಥಿಗೆ ಸಿಗಬಹುದಾದ ಅತಿ ದೊಡ್ಡ ವಿದ್ಯಾರ್ಥಿವೇತನವೆಂದರೆ ಹಾಸ್ಟೆಲ್ ಸೀಟು. ಇದು ಇಲ್ಲಿನ ಹಳೆಯ ಪಾಠ. ಮಧುಗಿರಿಗೆ ಅಂಟಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ರೈಲಿಗೆ ಕಾಸಿಲ್ಲದೆ ನಡೆದೇ ಬೆಂಗಳೂರು ಸೇರಿದರು. ಅವರ ಓದು ನಿಂತದ್ದು ಬಡ ವಿದ್ಯಾರ್ಥಿಗಳಿಗೆಂದೇ ನಡೆಯುತ್ತಿದ್ದ ನಿಲಯವೊಂದರ ಅನ್ನದ ಮೇಲೆ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇತ್ತ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಬೆಳೆದ ಅನ್ನ, ಅಕ್ಷರ, ಆಶ್ರಯದ ದಾಸೋಹ ಅವರು 2019ರ ಜನವರಿ 21ರಂದು ಲಿಂಗೈಕ್ಯರಾದ ಮೇಲೂ ಜಾತಿ ಕೇಳದೆ ನಡೆದಿದೆ. ಬರದ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕಿನ ಎಷ್ಟೋ ಮನೆಗಳು ಮಕ್ಕಳನ್ನು ಅಲ್ಲಿಗೆ ಬಿಟ್ಟು ಬಂದಿವೆ.

ಸರ್ಕಾರದ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಈಗ ಅರ್ಜಿ ಆನ್‌ಲೈನ್‌ನಲ್ಲೇ, ರಾಜ್ಯ ಹಾಸ್ಟೆಲ್ ಪೋರ್ಟಲ್ ಮೂಲಕ. ಕಾಲೇಜಿಗೆ ಸೇರಿದ ವಾರದಲ್ಲೇ ಇದನ್ನು ನೋಡಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಇದೆ: ಊಟ ಮತ್ತು ವಸತಿಗೆಂದು ತಿಂಗಳಿಗೆ ₹1,500ರಂತೆ ಹತ್ತು ತಿಂಗಳು, ವರ್ಷಕ್ಕೆ ₹15,000. ಹಾಸ್ಟೆಲ್‌ಗೆ ಅರ್ಜಿಯನ್ನೇ ಹಾಕದೆ ನೇರವಾಗಿ ರೂಮು ಹಿಡಿದು, ವಿದ್ಯಾಸಿರಿ ಬರಲಿಲ್ಲವೆಂದು ಕೊರಗುವವರು ಪ್ರತಿ ವರ್ಷ ಇರುತ್ತಾರೆ. ಹಾಸ್ಟೆಲ್ ಅರ್ಜಿ ಮೊದಲು, ವಿದ್ಯಾಸಿರಿ ಆಮೇಲೆ.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆಲ್ಲ ಹೆಬ್ಬಾಗಿಲು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಎಂದು ಇಲಾಖೆ ಇಲಾಖೆಗೆ ಅಲೆಯುವ ಕಾಲ ಹೋಯಿತು. ಒಂದೇ ಅರ್ಜಿ, ಜಾತಿ ಪ್ರಮಾಣಪತ್ರದ ಪ್ರಕಾರ ಅದು ತಾನೇ ಆಯಾ ಇಲಾಖೆಗೆ ಹೋಗುತ್ತದೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಯೋಜನೆಗೂ ದಾರಿ ಇದೇ. ಕೊಡುವ ಹಣ ಕೋರ್ಸಿನ ಮೇಲೆ ನಿಂತಿದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವೇತನವನ್ನೇ ನೋಡಿ. ಕುಟುಂಬದ ವಾರ್ಷಿಕ ಆದಾಯ ₹2.5 ಲಕ್ಷದ ಒಳಗಿರಬೇಕು. ಬಿ.ಎ., ಬಿ.ಕಾಂ.ನಂಥ ಸಾಮಾನ್ಯ ಪದವಿಗೆ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ ₹6,000, ಮನೆಯಿಂದ ಓಡಾಡುವವರಿಗೆ ₹3,000 ಶೈಕ್ಷಣಿಕ ಭತ್ಯೆ. ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿಗೆ ಇದೇ ಭತ್ಯೆ ₹13,500 ಮತ್ತು ₹7,000. ವಾಪಸು ಬಾರದ ಕಡ್ಡಾಯ ಶುಲ್ಕ ಬೇರೆ.

ಮೊತ್ತಕ್ಕಿಂತ ಹೆಚ್ಚು ಮಾತಾಡಬೇಕಾದದ್ದು ಈ ಹಣ ದಾರಿಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು.

ಮೊದಲ ಜಾಗ ಹೆಸರು. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಲಕ್ಷ್ಮೀದೇವಿ. ಅಲ್ಲಿ ಇನಿಷಿಯಲ್ ಹಿಂದೆ, ಇಲ್ಲಿ ಮುಂದೆ. ಹನುಮಂತರಾಯಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯನ್ನು ಒಂದೇ ಮನೆಯ ದಾಖಲೆಗಳಲ್ಲಿ ಕಾಣಬಹುದು. ಮನುಷ್ಯರಿಗೆ ಇದು ಒಬ್ಬನೇ ಎಂದು ಗೊತ್ತಾಗುತ್ತದೆ, ಪೋರ್ಟಲ್‌ಗೆ ಗೊತ್ತಾಗುವುದಿಲ್ಲ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ. ಆಧಾರ್ ತಿದ್ದಿಸುವುದು ಅದಕ್ಕಿಂತ ಸಲೀಸು. ಹಾಗಾಗಿ ಅಂಕಪಟ್ಟಿಯ ಅಕ್ಷರಗಳಿಗೆ ಆಧಾರನ್ನು ಹೊಂದಿಸಿಕೊಳ್ಳುವುದೇ ಜಾಣತನ, ಅದೂ ಏಪ್ರಿಲ್, ಮೇ ರಜೆಯಲ್ಲೇ.

ಎರಡನೆಯದು ಆರ್‌ಡಿ ನಂಬರ್. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಹಾಕಿದರೆ ಪೋರ್ಟಲ್ ಉಳಿದದ್ದನ್ನು ತಾನೇ ಎಳೆದುಕೊಳ್ಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯಸ್ಸು. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಗೆ ಸೇರುವ ಹೊತ್ತಿಗೆ ಸತ್ತಿರುತ್ತದೆ. ಇದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಿಲ್ಲ. ಮಿಡಿಗೇಶಿ, ಹೊಳವನಹಳ್ಳಿ, ಬುಕ್ಕಾಪಟ್ಟಣ, ನಾಗಲಮಡಿಕೆ ಹೀಗೆ ಹೋಬಳಿ ಕೇಂದ್ರದ ನಾಡಕಚೇರಿಯಲ್ಲೇ ಅರ್ಜಿ ಕೊಡಬಹುದು, ಗ್ರಾಮ ಒನ್ ಕೇಂದ್ರದಿಂದಲೂ ಆಗುತ್ತದೆ. ಗ್ರಾಮ ಆಡಳಿತಾಧಿಕಾರಿಯ ವರದಿ ಬರಬೇಕಾದ್ದರಿಂದ ಅರ್ಜಿಯ ಕೊನೆಯ ವಾರದಲ್ಲಿ ಓಡಿದರೆ ಸಿಗುವುದಿಲ್ಲ.

ಪಾವಗಡದ ತಿರುಮಣಿ ಸುತ್ತಿನ ಹಳ್ಳಿಗಳಲ್ಲಿ ಈ ಆದಾಯದ ಪ್ರಶ್ನೆಗೆ ಬೇರೊಂದು ತಿರುವಿದೆ. ಸೌರ ವಿದ್ಯುತ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ ₹21,000ದಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಕರಾರು. ಹತ್ತು ಎಕರೆ ಕೊಟ್ಟ ಮನೆಗೆ ಮೊದಲ ವರ್ಷ ₹2.1 ಲಕ್ಷ. ನಾಲ್ಕು ಏರಿಕೆ ದಾಟಿದ ಮೇಲೆ ಅದು ₹2.5 ಲಕ್ಷದ ಗೆರೆಯಾಚೆಗೆ ಹೋಗುತ್ತದೆ. ಅಣ್ಣನಿಗೆ ಬಂದ ವೇತನ ತಮ್ಮನಿಗೆ ಏಕೆ ಬರಲಿಲ್ಲ ಎಂದು ಕೇಳುವ ಮುಂಚೆ ಈ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು.

ಮೂರನೆಯ ಜಾಗ ಬ್ಯಾಂಕು, ಅತಿ ಹೆಚ್ಚು ಗೋಳು ಇಲ್ಲೇ. ಹಣ ಬೀಳುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕಡೆಯದಾಗಿ ಜೋಡಿಸಿದ ಖಾತೆಗೆ. ಯಾವುದೋ ಶಿಬಿರದಲ್ಲಿ ತೆರೆದ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆಯೋ ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಮಾಡಿಸಿಕೊಂಡ ಇನ್ನೊಂದು ಖಾತೆಯೋ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ. ಹುಡುಗ ಮಾತ್ರ ತನ್ನ ಹಳೆಯ ಪಾಸ್‌ಬುಕ್ಕನ್ನು ಎಂಟ್ರಿ ಹಾಕಿಸಿ ಹಾಕಿಸಿ ಸೋತಿರುತ್ತಾನೆ. ‘ಡಿಬಿಟಿ ಕರ್ನಾಟಕ’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಯಾವ ಖಾತೆ ಜೋಡಣೆಯಾಗಿದೆ, ಯಾವ ಯೋಜನೆಯ ಹಣ ಯಾವತ್ತು ಬಿದ್ದಿದೆ ಎಂಬುದು ಕಾಣುತ್ತದೆ. ವಿದ್ಯಾರ್ಥಿಯ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಇರಬೇಕು, ಅಷ್ಟೆ.

ನಾಲ್ಕನೆಯದು ಕಾಲೇಜು. ಫೀ ರಸೀತಿ, ಸ್ಟಡಿ ಸರ್ಟಿಫಿಕೇಟ್‌ಗಳಿಗೆ ಇ-ದೃಢೀಕರಣ ಬೇಕಾದಾಗ ಅದನ್ನು ಮಾಡಿಕೊಡುವವರು ಕಾಲೇಜಿನಲ್ಲೇ ನೇಮಕವಾದ ಅಧಿಕಾರಿ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿ ಪ್ರಿಂಟ್ ಮಡಚಿ ಜೇಬಿಗಿಟ್ಟುಕೊಂಡರೆ ಕೆಲಸ ಮುಗಿಯಲಿಲ್ಲ.

ಈಗ ಚಾಪೆಯ ಮೇಲಿನ ಉಳಿದ ಕಾಗದಗಳಿಗೆ ಬರೋಣ.

ಶಿರಾ, ಮಧುಗಿರಿ, ಪಾವಗಡದಿಂದ ಬೆಂಗಳೂರಿಗೆ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಬರುವವರು ಬಹಳ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಇಬ್ಬರು ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಉಂಟು. ಇದರ ಮೊತ್ತವನ್ನು ಸರ್ಕಾರ 2023ರಲ್ಲಿ ಬದಲಿಸಿತು, ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಹಳೆಯ ಪಟ್ಟಿ ಹಿಡಿದು ಆಸೆ ಪಡುವುದಕ್ಕಿಂತ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆ ವರ್ಷದ ದರ ಕೇಳುವುದೇ ಸರಿ. ಕಟ್ಟಡ ಕೆಲಸವನ್ನೇ ಮಾಡದವರಿಗೆ ದುಡ್ಡು ತೆಗೆದುಕೊಂಡು ಲೇಬರ್ ಕಾರ್ಡು ಮಾಡಿಸಿಕೊಡುವ ದಲ್ಲಾಳಿಗಳ ಸಹವಾಸ ಬೇಡ. ಮಂಡಳಿ ಅಂಥ ಕಾರ್ಡುಗಳನ್ನು ಹುಡುಕಿ ರದ್ದು ಮಾಡುತ್ತಿದೆ.

ಈ ಕಟ್ಟಡ ಕಾರ್ಮಿಕರ ಮಂಡಳಿಗೂ ಕಾರ್ಮಿಕ ಕಲ್ಯಾಣ ಮಂಡಳಿಗೂ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಅದು ಕಾರ್ಖಾನೆ, ಅಂಗಡಿ, ಸಂಸ್ಥೆಗಳಲ್ಲಿ ಸಂಬಳಕ್ಕೆ ದುಡಿಯುವವರದ್ದು. ಕೊರಟಗೆರೆ, ಶಿರಾ ಕಡೆಯಿಂದ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಕಂಪನಿ ಬಸ್ಸು ಹತ್ತುವ ಅಪ್ಪ, ಅಮ್ಮಂದಿರ ಸಂಬಳದ ಚೀಟಿಯಲ್ಲಿ ವರ್ಷಕ್ಕೊಮ್ಮೆ, ಡಿಸೆಂಬರ್ ಲೆಕ್ಕದಲ್ಲಿ, ಎಲ್‌ಡಬ್ಲ್ಯುಎಫ್ ಎಂಬ ಹೆಸರಿನಲ್ಲಿ ಸಣ್ಣದೊಂದು ಮೊತ್ತ ಕಡಿತವಾಗಿರುತ್ತದೆ. ಬಹಳ ಜನ ಅದೇನೆಂದು ಕೇಳುವುದೇ ಇಲ್ಲ. ಆ ವಂತಿಗೆ ಕಟ್ಟಿದ ಕಾರ್ಮಿಕರ ಮಕ್ಕಳಿಗೆ ಮಂಡಳಿಯ ಪ್ರೋತ್ಸಾಹಧನವಿದೆ: ಪದವಿಗೆ ₹10,000, ಎಂಜಿನಿಯರಿಂಗ್ ಮತ್ತು ವೈದ್ಯಕೀಯಕ್ಕೆ ₹20,000. ಹಿಂದಿನ ಪರೀಕ್ಷೆಯಲ್ಲಿ ಶೇ 50 ಅಂಕ ಸಾಕು, ಪರಿಶಿಷ್ಟರಿಗೆ ಶೇ 45. ಅರ್ಜಿಗೆ ಕಂಪನಿಯ ದೃಢೀಕರಣ ಬೇಕು, ಅದಕ್ಕೆ ಎಚ್‌ಆರ್ ವಿಭಾಗವನ್ನು ಬೆನ್ನು ಹತ್ತಬೇಕು.

ಪಹಣಿ ಇರುವ ಮನೆಗೆ ರೈತ ವಿದ್ಯಾನಿಧಿ. 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ಬಸವರಾಜ ಬೊಮ್ಮಾಯಿ ಘೋಷಿಸಿದ ಯೋಜನೆ ಇದು. ಸಾಮಾನ್ಯ ಪದವಿಗೆ ಹುಡುಗರಿಗೆ ₹5,000, ಹುಡುಗಿಯರಿಗೆ ₹5,500. ಎಂಜಿನಿಯರಿಂಗ್, ಎಂಬಿಬಿಎಸ್ ಮತ್ತು ಸ್ನಾತಕೋತ್ತರ ಓದಿಗೆ ₹10,000 ಮತ್ತು ₹11,000 ಎಂದು ಆಗ ನಿಗದಿಯಾಯಿತು. ಪ್ರತಿ ವರ್ಷದ ಬಿಡುಗಡೆ ಆಯಾ ವರ್ಷದ ಆದೇಶದ ಮೇಲೆ ನಿಂತಿದೆ. ಇದರ ಬೀಗದ ಕೈ ಫ್ರೂಟ್ಸ್ ಐಡಿ, ರೈತನ ಹೆಸರಿನ ನೋಂದಣಿ ಸಂಖ್ಯೆ. ಈ ಭಾಗದ ಅಸಲಿ ತೊಡಕು ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವುದು. ಪೌತಿ ಖಾತೆ ಆಗದೆ ಅಪ್ಪನಿಗೆ ಫ್ರೂಟ್ಸ್ ಐಡಿ ಇಲ್ಲ, ಅಪ್ಪನಿಗೆ ಇಲ್ಲವೆಂದರೆ ಮಗಳಿಗೆ ವಿದ್ಯಾನಿಧಿ ಇಲ್ಲ. ಅಣ್ಣ ತಮ್ಮಂದಿರ ಭಾಗ ಇತ್ಯರ್ಥವಾಗದ ಮನೆಗಳಲ್ಲಿ ಇದು ವರ್ಷಗಟ್ಟಲೆ ಎಳೆಯುತ್ತದೆ. ಆದರೂ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿದರೆ ನಷ್ಟವಿಲ್ಲ.

ಅಮ್ಮ ಧರ್ಮಸ್ಥಳ ಸಂಘದಲ್ಲಿದ್ದರೆ ಇನ್ನೊಂದು ದಾರಿ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2007ರಿಂದ ಸುಜ್ಞಾನನಿಧಿ ಎಂಬ ಹೆಸರಿನಲ್ಲಿ ಸದಸ್ಯರ ಮಕ್ಕಳಿಗೆ, ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ, ತಿಂಗಳ ಲೆಕ್ಕದಲ್ಲಿ ಶಿಷ್ಯವೇತನ ಕೊಡುತ್ತಿದೆ. ವಾರದ ಕಂತು ಕಟ್ಟಲು ಸೇರುವ ಸಭೆಯಲ್ಲೇ ಸೇವಾಪ್ರತಿನಿಧಿಯನ್ನು ಕೇಳಬಹುದು. ಕೋರ್ಸು ಮುಗಿಯುವವರೆಗೂ ಬರುವ ಹಣವೆಂಬುದೇ ಇದರ ಬೆಲೆ.

ಇನ್ನು ಹುಡುಗಿಯರಿಗೆ ಈಚೆಗೆ ಬಂದಿರುವ ಅತಿ ದೊಡ್ಡ ನೆರವು. ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯ ಸರ್ಕಾರದೊಂದಿಗೆ ಸೇರಿ 2025ರಲ್ಲಿ ಕರ್ನಾಟಕದಲ್ಲಿ ‘ದೀಪಿಕಾ’ ವಿದ್ಯಾರ್ಥಿವೇತನ ಶುರುಮಾಡಿತು. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಪಾಸು ಮಾಡಿ ಪದವಿಗೋ ಡಿಪ್ಲೊಮಾಗೋ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ವರ್ಷಕ್ಕೆ ₹30,000, ಕೋರ್ಸು ಮುಗಿಯುವವರೆಗೆ. ಸರ್ಕಾರಿ ಶಾಲೆಯಲ್ಲಿ ಓದಿದ್ದೇ ಇಲ್ಲಿ ಅರ್ಹತೆ! ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಳ್ಳಿಯ ಹುಡುಗಿಯರಿಗೆ ಇದಕ್ಕಿಂತ ಹೊಂದುವ ಷರತ್ತು ಇನ್ನೊಂದಿಲ್ಲ. ಹತ್ತನೇ ತರಗತಿ ಮುಗಿದ ಮೇಲೆ ಖಾಸಗಿ ಪಿಯು ಕಾಲೇಜಿನ ಬಣ್ಣದ ಬ್ರೋಷರ್ ಮನೆಗೆ ಬಂದಾಗ ಪೋಷಕರು ಇದನ್ನೂ ತಕ್ಕಡಿಗೆ ಹಾಕಬೇಕು. ವಿಪ್ರೊ ಸಮೂಹದ ಸಂತೂರ್ ವಿದ್ಯಾರ್ಥಿವೇತನವೂ ಸರ್ಕಾರಿ ಶಾಲೆ, ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೇ ಮೀಸಲು. ಎಂಜಿನಿಯರಿಂಗ್‌ಗೋ ಡಿಪ್ಲೊಮಾಗೋ ಸೇರಿದವರು ಎಐಸಿಟಿಇಯ ಪ್ರಗತಿಯನ್ನು ಬಿಡಬಾರದು: ವರ್ಷಕ್ಕೆ ₹50,000, ಆದಾಯ ಮಿತಿ ₹8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಇದೇ ಮೊತ್ತದ ಸಕ್ಷಮ್, ತಂದೆ ತಾಯಿ ಇಲ್ಲದವರಿಗೆ ಸ್ವನಾಥ್ ಇದೆ.

ಪ್ರಗತಿ ಸೇರಿದಂತೆ ಕೇಂದ್ರದ ವಿದ್ಯಾರ್ಥಿವೇತನಗಳಿಗೆ ಎನ್‌ಎಸ್‌ಪಿ ಎಂಬ ಪ್ರತ್ಯೇಕ ಪೋರ್ಟಲ್. ಎಸ್‌ಎಸ್‌ಪಿಯಲ್ಲಿ ಹಾಕಿದ್ದು ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಮೊದಲು ಒಂದು ಬಾರಿಯ ನೋಂದಣಿ ಮಾಡಿ 14 ಅಂಕಿಯ ಒಟಿಆರ್ ಸಂಖ್ಯೆ ಪಡೆಯಬೇಕು, ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿ ದೃಢಪಡಿಸಬೇಕು. ಜಾತಿಯ ಮೇಲೆ ಯಾವ ವೇತನವೂ ಸಿಗದ, ಆದರೆ ಅಂಕ ಚೆನ್ನಾಗಿರುವ ವಿದ್ಯಾರ್ಥಿಗೆ ಇಲ್ಲಿನ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನವೇ ಆಸರೆ. ದೇಶದಲ್ಲಿ ವರ್ಷಕ್ಕೆ 82,000 ಮಂದಿಗೆ ಹೊಸದಾಗಿ ಕೊಡುತ್ತಾರೆ, ಅರ್ಧ ಹುಡುಗಿಯರಿಗೆ. ಪಿಯುಸಿಯಲ್ಲಿ ತನ್ನ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ಶೇ 20ರೊಳಗೆ ಬಂದಿರಬೇಕು, ಆದಾಯ ₹4.5 ಲಕ್ಷ ಮೀರಬಾರದು. ಪದವಿಯ ಮೂರು ವರ್ಷ ₹12,000ದಂತೆ, ಸ್ನಾತಕೋತ್ತರದಲ್ಲಿ ₹20,000. ಮುಂದಿನ ವರ್ಷ ನವೀಕರಣವಾಗಲು ಶೇ 50 ಅಂಕ ಮತ್ತು ಶೇ 75 ಹಾಜರಿ ಬೇಕು. ಹೊಲದ ಕೆಲಸಕ್ಕೆಂದು ತಿಂಗಳುಗಟ್ಟಲೆ ಊರಲ್ಲಿ ಉಳಿಯುವ ಹುಡುಗರು ಎಡವುವುದು ಈ ಹಾಜರಿಯಲ್ಲಿ. ಒಬ್ಬರಿಗೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಇಲ್ಲ, ಹಾಗಾಗಿ ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಹಿಡಿಯಬೇಕು. ಖಾಸಗಿಯವುಗಳಲ್ಲಿ ಈ ಕಟ್ಟುಪಾಡು ಕಡಿಮೆ.

ಖಾಸಗಿಯವು ನೂರಾರಿವೆ, ಎಲ್ಲವನ್ನೂ ಹೇಳುವುದು ವ್ಯರ್ಥ. ಈ ಭಾಗಕ್ಕೆ ಒಗ್ಗುವ ಎರಡನ್ನು ಹೇಳಬಹುದು. ಸರೋಜಿನಿ ದಾಮೋದರನ್ ಫೌಂಡೇಷನ್ 1999ರಿಂದ ನಡೆಸುತ್ತಿರುವ ವಿದ್ಯಾಧನ್ ಶುರುವಾಗುವುದೇ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ. ಕಡಿಮೆ ಆದಾಯದ ಮನೆಯ, ಶೇ 90ರ ಆಸುಪಾಸು ಅಂಕ ತೆಗೆದ ಮಕ್ಕಳನ್ನು ಆರಿಸಿ ಪಿಯುಸಿಗೆ ನೆರವಾಗಿ, ಚೆನ್ನಾಗಿ ಓದಿದವರನ್ನು ಪದವಿಯವರೆಗೂ ಕೈಹಿಡಿಯುತ್ತದೆ. ಪಿಯುಸಿ ಆದ ಮೇಲೆ ಹುಡುಕಿದರೆ ತಡವಾಯಿತು. ಇನ್ನೊಂದು ಸೀತಾರಾಮ್ ಜಿಂದಾಲ್ ಫೌಂಡೇಷನ್ನಿನದು. ಈ ಕಡೆಯ ಬಸ್ಸುಗಳು ಬೆಂಗಳೂರಿಗೆ ಹೋಗುವ ತುಮಕೂರು ರಸ್ತೆಯಲ್ಲೇ, ಜಿಂದಾಲ್ ನಗರದಲ್ಲಿ ಅದರ ಕಚೇರಿ. ತಿಂಗಳ ಲೆಕ್ಕದಲ್ಲಿ ಕೊಡುವ ಈ ವೇತನಕ್ಕೆ ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ ಎಂಬುದು ವಿಶೇಷ. ಕೊನೆಯ ದಿನ ತಪ್ಪಿಸಿಕೊಂಡು ಕೈಕೈ ಹಿಸುಕಿಕೊಳ್ಳುತ್ತಿರುವವರಿಗೆ ಇದು ಉಳಿದ ದಾರಿ. ಸಮುದಾಯದ ಸಂಘಗಳು ಕೊಡುವ ಪ್ರತಿಭಾ ಪುರಸ್ಕಾರದ ಪ್ರಕಟಣೆಗಳು ದೊಡ್ಡ ವೆಬ್‌ಸೈಟುಗಳಲ್ಲಿ ಇರುವುದಿಲ್ಲ. ಅವು ಬರುವುದು ‘ಪ್ರಜಾಪ್ರಗತಿ’ಯಂಥ ಜಿಲ್ಲಾ ಪತ್ರಿಕೆಯ ಒಳಪುಟದ ಮೂಲೆಯಲ್ಲಿ.

ಪಾವಗಡದವರಿಗೆ ಮಾತ್ರ ಒಂದು ಮಾತು. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ತುಮಕೂರಿಗಿಂತ ಹಿಂದೂಪುರ ಹತ್ತಿರವೆಂದು ಅಲ್ಲಿಗೆ ಓದಲು ಹೋಗುವವರಿದ್ದಾರೆ. ಸಹಪಾಠಿಗಳಿಗೆ ಆಂಧ್ರ ಸರ್ಕಾರದ ಶುಲ್ಕ ಮರುಪಾವತಿ ಬಂತೆಂದು ಅದಕ್ಕೆ ಕೈಹಾಕುವುದು ದಂಡ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡಬೇಕಾದದ್ದು ವಿದ್ಯಾರ್ಥಿಯ ತವರು ರಾಜ್ಯ, ಕಾಲೇಜಿರುವ ರಾಜ್ಯವಲ್ಲ. ಆದ್ದರಿಂದ ಹೊರರಾಜ್ಯದಲ್ಲಿ ಓದುತ್ತಿದ್ದರೂ ಕೇಳಬೇಕಾದದ್ದು ಕರ್ನಾಟಕದ ಇಲಾಖೆಯನ್ನೇ. ಸೇರುವ ಮುಂಚೆಯೇ ಪಾವಗಡದ ಸಮಾಜ ಕಲ್ಯಾಣ ಕಚೇರಿಯಲ್ಲಿ ಬೇಕಾದ ದಾಖಲೆ ಯಾವುವೆಂದು ಬರೆಸಿಕೊಂಡು ಹೋಗುವುದು ಲೇಸು.

ಮೋಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅರ್ಜಿ ಶುಲ್ಕ ಕೇಳುವ ವಿದ್ಯಾರ್ಥಿವೇತನ ವಿದ್ಯಾರ್ಥಿವೇತನವೇ ಅಲ್ಲ, ಓಟಿಪಿ ಕೇಳುವ ಅಧಿಕಾರಿ ಅಧಿಕಾರಿಯಲ್ಲ. ಪ್ರತಿ ವರ್ಷ ಹರಿದಾಡುವ ‘ಪ್ರಧಾನಮಂತ್ರಿ ಸ್ಕಾಲರ್‌ಶಿಪ್, ಎಲ್ಲರಿಗೂ’ ಎಂಬ ಸಂದೇಶ ಅರ್ಧ ಸತ್ಯ. ಆ ಹೆಸರಿನ ಯೋಜನೆ ಇದೆ, ಹುಡುಗಿಯರಿಗೆ ತಿಂಗಳಿಗೆ ₹3,000, ಹುಡುಗರಿಗೆ ₹2,500. ಆದರೆ ಕೇಂದ್ರೀಯ ಸೈನಿಕ ಮಂಡಳಿ ಅದನ್ನು ಕೊಡುವುದು ಮಾಜಿ ಸೈನಿಕರ ಮಕ್ಕಳಿಗೆ, ಅದೂ ವೃತ್ತಿಪರ ಕೋರ್ಸಿಗೆ. ಅಪ್ಪ ಸೇನೆಯಲ್ಲಿದ್ದು ನಿವೃತ್ತರಾಗಿದ್ದರೆ ಖಂಡಿತ ಹಾಕಬೇಕು, ಇಲ್ಲದವರು ಸಂದೇಶ ಅಳಿಸಬಹುದು.

ಅರ್ಜಿ ಹಾಕಿ ತಿಂಗಳುಗಳಾದರೂ ದುಡ್ಡು ಬಾರದಿದ್ದರೆ ಹುಡುಕುವ ಕ್ರಮ ಇಷ್ಟೇ. ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿ ನೋಡಬೇಕು. ಕಾಲೇಜಿನ ಹಂತದಲ್ಲೇ ಬಾಕಿಯಿದ್ದರೆ ಕಾಲೇಜಿಗೆ, ಇಲಾಖೆಯಲ್ಲಿದ್ದರೆ ತಾಲ್ಲೂಕು ಕಚೇರಿಗೆ, ಮಂಜೂರಾಗಿದ್ದರೆ ಬ್ಯಾಂಕಿಗೆ. ಮೂರೂ ಕಡೆ ಉತ್ತರ ಸಿಗದಿದ್ದರೆ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಕೋರ್ಸು ಮುಗಿದ ಮೇಲೂ ಒಂದು ಬಾಕಿ ಉಳಿದಿರುತ್ತದೆ, ಇದನ್ನು ಮರೆಯುವವರೇ ಹೆಚ್ಚು. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಇಲಾಖೆಯ ಪ್ರೋತ್ಸಾಹಧನ ಇದೆ, ಎಲ್ಲರ ಬಾಯಲ್ಲಿ ಅದು ‘ಪ್ರೈಜ್ ಮನಿ’. ಪಿಯುಸಿ, ಡಿಪ್ಲೊಮಾಗೆ ₹20,000, ಪದವಿಗೆ ₹25,000, ಸ್ನಾತಕೋತ್ತರಕ್ಕೆ ₹30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕ್ಕೆ ₹35,000. ಇದು ತಾನಾಗಿ ಬರುವುದಿಲ್ಲ, ಫಲಿತಾಂಶ ಬಂದ ವರ್ಷವೇ ಪ್ರತ್ಯೇಕ ಅರ್ಜಿ ಹಾಕಬೇಕು. ಅಂಕಪಟ್ಟಿ ಕೈಗೆ ಬಂದ ವಾರವೇ ಹಾಕುವುದು ಕ್ಷೇಮ. ಕೆಲಸ ಹುಡುಕಿಕೊಂಡು ಪೀಣ್ಯಕ್ಕೆ ಹೋಗಿ, ಹಳೆಯ ಸಿಮ್ ಬಿಸಾಡಿ, ಆಮೇಲೆ ಓಟಿಪಿಗಾಗಿ ಒದ್ದಾಡುವುದು ತಪ್ಪುತ್ತದೆ.